ಲಾಭ ಮಾಡಿದೆವು, ನಷ್ಟ ಆಯಿತು

2023ರ ಜುಲೈ 20ರಂದು ಇನ್ಫೊಸಿಸ್ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿತು. ನಿವ್ವಳ ಲಾಭ 5,945 ಕೋಟಿ ರೂಪಾಯಿ, ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇ 11ರಷ್ಟು ಹೆಚ್ಚು. ಮರುದಿನ ಷೇರು ಶೇ 8ರಷ್ಟು ಬಿತ್ತು. ಲಾಭ ಏರಿದ ಕಂಪನಿಯ ಷೇರು ಯಾಕೆ ಬಿತ್ತು? ವರ್ಷದ ಆದಾಯ ಶೇ 4ರಿಂದ 7ರಷ್ಟು ಬೆಳೆಯಬಹುದು ಎಂದು ಏಪ್ರಿಲ್‌ನಲ್ಲಿ ಹೇಳಿದ್ದ ಕಂಪನಿ, ಈಗ ಅದನ್ನು ಶೇ 1ರಿಂದ 3.5ಕ್ಕೆ ಇಳಿಸಿತ್ತು. ಪೇಟೆ ಕೇಳಿಸಿಕೊಂಡದ್ದು ಆ ಒಂದು ವಾಕ್ಯವನ್ನು ಮಾತ್ರ.

ಇಂಥ ದಿನಗಳಲ್ಲಿ ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಲಾಭದ ಅಂಕಿ, ಸಿಇಒ ಫೋಟೊ, ಅವರದೊಂದು ಹೇಳಿಕೆ. ರಾಜಕಾರಣಿಯ ಮಾತನ್ನು ಅವನ ಹಳೆಯ ಮಾತಿನ ಪಕ್ಕ ಇಟ್ಟು ನೋಡಬೇಕು ಎಂದು ನಮಗೆ ತರಗತಿಯಲ್ಲಿ ಕಲಿಸಿದರು. ಉದ್ಯಮಿಯ ಮಾತನ್ನೂ ಹಾಗೇ ನೋಡಬೇಕು ಎಂದು ಯಾರೂ ಹೇಳಲಿಲ್ಲ. ನೋಡಲೇಬೇಕು ಎಂಬುದು ನಮ್ಮ ವಾದ.

ಷೇರು ಗೀರು ಪಟ್ಟಣದವರ ಮಾತು, ನಮಗೇಕೆ ಎನ್ನುವವರಿದ್ದಾರೆ. ಮದ್ದೂರಿನ ಗಾರ್ಮೆಂಟ್ಸ್‌ಗೆ ಬೆಳಗಿನ ಬಸ್ಸಿನಲ್ಲಿ ಹೋಗುವ ಹೆಣ್ಣುಮಗಳ ಸಂಬಳದಲ್ಲಿ ಪಿಎಫ್ ಕಡಿತವಾಗುತ್ತದಲ್ಲ, 2015ರಿಂದ ಪಿಎಫ್ ಸಂಸ್ಥೆ ಹೊಸದಾಗಿ ಬರುವ ಹಣದ ಒಂದು ಪಾಲನ್ನು ನಿಫ್ಟಿ, ಸೆನ್ಸೆಕ್ಸ್ ಸೂಚ್ಯಂಕಗಳ ಫಂಡ್‌ಗಳಲ್ಲಿ ಹೂಡುತ್ತಿದೆ. ಆ ಸೂಚ್ಯಂಕಗಳಲ್ಲಿ ಇನ್ಫೊಸಿಸ್ ಇದೆ. ಆಕೆ ಡಿಮ್ಯಾಟ್ ಖಾತೆ ತೆರೆದಿಲ್ಲ, ಆದರೂ ಪೇಟೆಯಲ್ಲಿದ್ದಾಳೆ. ಇನ್ನು ಐಟಿ ಕಂಪನಿಗಳ ಮುನ್ನೋಟ ಇಳಿದರೆ ತಾಲ್ಲೂಕಿನ ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ ಆಯ್ಕೆಯ ಗತಿ ಏನಾಗುತ್ತದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಖ್ಯಸ್ಥರ ಸ್ವಭಾವಕ್ಕೂ ಕಂಪನಿಯ ನಡೆಗೂ ನಂಟಿದೆಯೇ ಎಂದು ಅರಿಜಿತ್ ಚಟರ್ಜಿ ಮತ್ತು ಡೊನಾಲ್ಡ್ ಹ್ಯಾಂಬ್ರಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋಡಿದರು. ಕಂಪ್ಯೂಟರ್ ಉದ್ಯಮದ 111 ಸಿಇಒಗಳು. ಅವರ ಅಹಂ ಅಳೆಯಲು ಬಳಸಿದ ಅಳತೆಗೋಲು ಯಾವುದು ಗೊತ್ತೇ? ವಾರ್ಷಿಕ ವರದಿಯಲ್ಲಿ ಅವರ ಫೋಟೊ ಎಷ್ಟು ಎದ್ದು ಕಾಣುತ್ತದೆ, ಸಂದರ್ಶನದಲ್ಲಿ 'ನಾನು' ಎಷ್ಟು ಸಲ ಬರುತ್ತದೆ, ಎರಡನೇ ಸ್ಥಾನದಲ್ಲಿರುವವರಿಗಿಂತ ಸಂಬಳ ಎಷ್ಟು ಜಾಸ್ತಿ ಇತ್ಯಾದಿ. ಅಹಂ ಹೆಚ್ಚಿದ್ದವರು ದೊಡ್ಡ ದೊಡ್ಡ ಕಂಪನಿಗಳನ್ನು ಕೊಳ್ಳಲು ಹೆಚ್ಚು ಮುಂದಾಗಿದ್ದರು. ಅವರ ಕಂಪನಿಗಳು ಒಮ್ಮೆ ಭಾರಿ ಏರಿ, ಒಮ್ಮೆ ಭಾರಿ ಬಿದ್ದವು. ಸರಾಸರಿ ನೋಡಿದರೆ ಉಳಿದವರಿಗಿಂತ ಮೇಲೂ ಅಲ್ಲ, ಕೆಳಗೂ ಅಲ್ಲ. ಅಷ್ಟೆಲ್ಲ ಆರ್ಭಟ ಆ ಸರಾಸರಿಗೆ!

ಕನ್ನಡದಲ್ಲಿ 'ನಾನು' ಎಣಿಸುವುದು ಕಷ್ಟ, ಕ್ರಿಯಾಪದದಲ್ಲೇ ಅದು ಅಡಗಿರುತ್ತದೆ. ನಮ್ಮ ಭಾಷೆ ಬೇರೊಂದು ಸುಳಿವು ಕೊಡುತ್ತದೆ. ಮನೆಯಲ್ಲಿ ಮಗು ಲೋಟ ಬೀಳಿಸಿದರೆ 'ಒಡೆದೆ' ಎನ್ನುವುದಿಲ್ಲ, 'ಒಡೆದುಹೋಯ್ತು' ಎನ್ನುತ್ತದೆ. ಕಂಪನಿಗಳೂ ಅಷ್ಟೆ. ಲಾಭ ನಾವು ಮಾಡಿದೆವು, ನಷ್ಟ ತಾನಾಗಿ ಆಯಿತು. ಒಳ್ಳೆಯ ವರ್ಷಕ್ಕೆ ನಮ್ಮ ದೂರದೃಷ್ಟಿ ಕಾರಣ, ಕೆಟ್ಟ ವರ್ಷಕ್ಕೆ ಜಾಗತಿಕ ಪರಿಸ್ಥಿತಿ.

ಮಾತು ಬರೀ ಮಾತಾಗಿ ಉಳಿಯದೆ ಕಂಪನಿಯನ್ನೇ ಕಟ್ಟಿಹಾಕುವುದೂ ಉಂಟು. ಕಡಿಮೆ ಹೇಳಿ ಹೆಚ್ಚು ಮಾಡು ಎಂಬುದು ನಾರಾಯಣಮೂರ್ತಿಯವರ ಕಾಲದ ಇನ್ಫೊಸಿಸ್ ರೀತಿ. 2014ರಲ್ಲಿ ಸಂಸ್ಥಾಪಕರ ಬಳಗದ ಹೊರಗಿನಿಂದ ಮೊದಲ ಸಿಇಒ ಆಗಿ ಬಂದ ವಿಶಾಲ್ ಸಿಕ್ಕಾ 2020ಕ್ಕೆ 2,000 ಕೋಟಿ ಡಾಲರ್ ಆದಾಯ ಎಂದು ಗುರಿ ಘೋಷಿಸಿದರು. ಆಗ ಆದಾಯ ಇದ್ದದ್ದು 870 ಕೋಟಿ ಡಾಲರ್ ಆಸುಪಾಸು. ಅಂಕಿ ಚಂದವಿತ್ತು, ಪೇಟೆಗೆ ಹಿಡಿಸಿತು. ಆದರೆ ಒಮ್ಮೆ ಹೇಳಿದ ಮೇಲೆ ಶೇ 10ರ ಬೆಳವಣಿಗೆಯೂ ಸಾಲದು ಅನ್ನಿಸತೊಡಗುತ್ತದೆ. 2017ರ ಆಗಸ್ಟ್ 18ರಂದು, ಸಂಸ್ಥಾಪಕರ ಜತೆಗಿನ ಬಹಿರಂಗ ಜಗಳದ ನಡುವೆ, ಸಿಕ್ಕಾ ರಾಜೀನಾಮೆ ಕೊಟ್ಟರು. ಅಂದು ಷೇರು ಶೇ 10ರ ಹತ್ತಿರ ಕುಸಿಯಿತು. 2019–20ರಲ್ಲಿ ಕಂಪನಿಯ ಆದಾಯ 1,278 ಕೋಟಿ ಡಾಲರ್. ಸಿಕ್ಕಾ ಮೋಸ ಮಾಡಿದರು ಎಂದಲ್ಲ. ದೊಡ್ಡ ಮಾತಿಗೆ ಬಡ್ಡಿ ಕಟ್ಟಬೇಕಾಗುತ್ತದೆ, ಅಷ್ಟೆ.

ಮೋಸದ ಕತೆ ಬೇರೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗರಾಜು ಆಡಳಿತ ಮಂಡಳಿಗೆ ಬರೆದ ಪತ್ರವನ್ನು ಪತ್ರಿಕೋದ್ಯಮದ ಪ್ರತಿ ವಿದ್ಯಾರ್ಥಿಯೂ ಓದಬೇಕು. ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಹಿಂದಿನ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 649 ಕೋಟಿ ಎಂದು ತೋರಿಸಿದ್ದ ಕಾರ್ಯಾಚರಣೆ ಲಾಭ ನಿಜಕ್ಕೂ 61 ಕೋಟಿ. ಸಣ್ಣದಾಗಿ ಶುರುವಾದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಪ್ರವರ್ತಕರ ಪಾಲು ಕಡಿಮೆ ಇದ್ದುದರಿಂದ, ಸಾಧನೆ ಕಳಪೆ ಎಂದು ಕಂಡರೆ ಕಂಪನಿ ಬೇರೆಯವರ ಕೈಸೇರಿ ಗುಟ್ಟು ರಟ್ಟಾಗುವ ಭಯವಿತ್ತು. ಹುಲಿಯ ಬೆನ್ನೇರಿದವನಿಗೆ ತುತ್ತಾಗದೆ ಇಳಿಯುವ ದಾರಿ ತಿಳಿಯಲಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಆ ದಿನ ಷೇರು ಶೇ 77ಕ್ಕೂ ಹೆಚ್ಚು ಬಿತ್ತು. ಅದಕ್ಕೆ ನಾಲ್ಕು ತಿಂಗಳು ಹಿಂದಷ್ಟೇ ಉತ್ತಮ ಆಡಳಿತಕ್ಕೆಂದು ಈ ಕಂಪನಿಗೆ ಪ್ರಶಸ್ತಿ ಬಂದಿತ್ತು.

ಹುಲಿಯನ್ನು ಸಾಕಿದ್ದು ಅವರೊಬ್ಬರೇ ಅಲ್ಲ. ಪ್ರತಿ ಮೂರು ತಿಂಗಳಿಗೊಮ್ಮೆ ಬೆಳವಣಿಗೆಯ ಸುದ್ದಿಯನ್ನೇ ಕೇಳಬಯಸುವ ಪೇಟೆಗೂ, ಅದನ್ನು ಹಾಗೇ ಅಚ್ಚು ಹಾಕುವ ನಮಗೂ ಅದರಲ್ಲಿ ಪಾಲಿದೆ. 'ಈಗಲೇ ಹೇಳಲಾಗದು' ಎಂದ ಸಿಇಒಗೆ ಪೇಟೆ ಅದೇ ದಿನ ಶಿಕ್ಷೆ ಕೊಡುತ್ತದೆ. ಹಾಗಾಗಿ ಆ ಮಾತು ಬರುವುದೇ ಅಪರೂಪ.

ಸುಳ್ಳಿಗೂ ಒಂದು ಭಾಷೆ ಇರುತ್ತದೆ. ಡೇವಿಡ್ ಲಾರ್ಕರ್ ಮತ್ತು ಅನಸ್ತಾಸಿಯಾ ಜಕೊಲ್ಯುಕಿನಾ ಅಮೆರಿಕದ ಕಂಪನಿಗಳ ಸಾವಿರಾರು ಕಾನ್‌ಕಾಲ್‌ಗಳ ಪಠ್ಯವನ್ನು ಜಾಲಾಡಿ, ಮುಂದೆ ಲೆಕ್ಕ ತಿದ್ದಬೇಕಾಗಿ ಬಂದ ಕಂಪನಿಗಳ ಮುಖ್ಯಸ್ಥರು ಹೇಗೆ ಮಾತಾಡಿದ್ದರು ಎಂದು ನೋಡಿದರು. 'ಅದ್ಭುತ' ಎಂಬಂಥ ಪದಗಳು ಹೆಚ್ಚು, 'ನಿಮಗೇ ಗೊತ್ತಲ್ಲ' ಎಂಬಂಥ ಮಾತು ಹೆಚ್ಚು, ಷೇರುದಾರರ ಹಿತದ ಪ್ರಸ್ತಾಪ ಕಡಿಮೆ. ಇದು ಸುಳ್ಳು ಹಿಡಿಯುವ ಯಂತ್ರವಲ್ಲ, ಕಿವಿ ನೆಟ್ಟಗಾಗಲು ಒಂದು ಕಾರಣ ಮಾತ್ರ.

ನಮ್ಮ ದೇಶದಲ್ಲೂ ಸೆಬಿ ನಿಯಮದಂತೆ ಷೇರುಪೇಟೆಯ ಕಂಪನಿಗಳು ಇಂಥ ಕಾನ್‌ಕಾಲ್‌ಗಳ ಧ್ವನಿಮುದ್ರಣ, ಪಠ್ಯ ಎರಡನ್ನೂ ಬಹಿರಂಗಪಡಿಸುತ್ತವೆ. ದುಡ್ಡು ಕೊಡಬೇಕಿಲ್ಲ, ಯಾರ ಪರಿಚಯವೂ ಬೇಕಿಲ್ಲ. ಆದರೆ ಎಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ಕನ್ನಡದ ವಾಣಿಜ್ಯ ಪುಟಗಳ ಸಂಪಾದಕರಲ್ಲಿ ನಮ್ಮದೊಂದು ಕೋರಿಕೆ: ಕರ್ನಾಟಕದ ಹತ್ತು ದೊಡ್ಡ ಕಂಪನಿಗಳದ್ದಾದರೂ ಪಠ್ಯ ಓದಿಸಿ, ಕಳೆದ ವರ್ಷ ಏನು ಹೇಳಿದ್ದರು, ಈಗ ಏನು ಹೇಳಿದರು, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು ಒಂದು ಕಾಲಂ ಕೊಡಿ. ಮೊದಲ ಕೆಲವು ಪುಟಗಳನ್ನು ದಾಟಿಸಿದರೂ ನಡೆಯುತ್ತದೆ, ಅದು ಮೊದಲೇ ಬರೆದುಕೊಂಡು ಬಂದು ಓದುವ ಭಾಷಣ. ಪ್ರಶ್ನೋತ್ತರ ಶುರುವಾಗುವುದು ಅದರ ನಂತರ.