ಬಸ್ಸಿಳಿದ ಮೇಲಿನ ದಾರಿ



ಪ್ರತಿವರ್ಷ ಎಂ.ಎ., ಎಂ.ಎಸ್‌ಸಿ. ಪ್ರವೇಶ ಶುರುವಾದಾಗ ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಪಡುವಾರಹಳ್ಳಿಯ ಬೀದಿಗಳಲ್ಲಿ ಒಂದು ನೋಟ ಕಾಣುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿ, ಪಕ್ಕದಲ್ಲಿ ಬಿಸಿಲಿಗೆ ಸೆರಗು ಹೊದ್ದ ತಾಯಿ. 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಹುಡುಕುತ್ತಾ ಇಬ್ಬರೂ ನಡೆಯುತ್ತಿರುತ್ತಾರೆ. ಒಳಗಿನಿಂದ ಬರುವ ಪ್ರಶ್ನೆಗಳು ಎಲ್ಲ ಮನೆಗಳಲ್ಲೂ ಒಂದೇ. ನೀವು ಯಾವ ಜನ? ಮಾಂಸ ತಿನ್ನುತ್ತೀರಾ? ಒಬ್ಬಳೇ ಇರುತ್ತಾಳಾ? ಮದುವೆಯಾಗಿದೆಯಾ? ಆಗಿದ್ದರೆ ಗಂಡ ಎಲ್ಲಿ? ದಲಿತರ ಹುಡುಗಿಗೆ, ಮುಸ್ಲಿಮರ ಹುಡುಗಿಗೆ ಮೊದಲ ಪ್ರಶ್ನೆಯಲ್ಲೇ ಗೇಟು ಮುಚ್ಚುತ್ತದೆ. ಗಂಡನನ್ನು ಬಿಟ್ಟು ಬಂದವಳಿಗೆ ಕೊನೆಯ ಪ್ರಶ್ನೆಯಲ್ಲಿ ಮುಚ್ಚುತ್ತದೆ.

ಹಾಗೆ ಮುಚ್ಚಿದ ಗೇಟುಗಳಲ್ಲಿ ನನ್ನದೂ ಒಂದು. ಇತರರಿಗೆ ಬುದ್ಧಿ ಹೇಳುವ ಮೊದಲು ಅದನ್ನು ಒಪ್ಪಿಕೊಳ್ಳಬೇಕು.

2004ರ ಮಾತು. ಬಿ.ಎ. ತರಗತಿಯಲ್ಲಿ ನನ್ನ ಕೈಯಲ್ಲಿ ಓದಿದ್ದ ಹುಡುಗಿಯೊಬ್ಬಳು ಮನೆಗೆ ಬಂದಳು. ಅಂತಿಮ ಪರೀಕ್ಷೆ ಮುಗಿದ ತಿಂಗಳಲ್ಲೇ ಅವಳ ಮದುವೆಯಾಗಿತ್ತು. ಕೊಟ್ಟ ವರದಕ್ಷಿಣೆ ಸಾಲದೆಂದು ಬೈಕಿಗಾಗಿ ಪೀಡಿಸಿದ ಗಂಡನ ಮನೆಯನ್ನು ಬಿಟ್ಟು ಬಂದಿದ್ದಳು. ತವರಿನಲ್ಲಿ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ ಕಾದಿತ್ತು. ಆದರೂ ಛಲ ಬಿಡದೆ ಮಾನಸಗಂಗೋತ್ರಿಯಲ್ಲಿ ಎಂ.ಎ. ಸೇರಿದ್ದಳು. ನಮ್ಮ ಮಹಡಿಯ ಮೇಲಿನ ಕೋಣೆ ಖಾಲಿಯಿತ್ತು. "ಮೇಡಂ, ಇಲ್ಲಿಂದ ನಡೆದೇ ಹೋಗಬಹುದು. ಬಾಡಿಗೆ ತಪ್ಪಿಸೋದಿಲ್ಲ," ಎಂದಳು. "ಸಂಸಾರವಂದಿಗರಿಗೆ ಕೊಡೋಣ ಅಂತಿದೀವಿ ಕಣಮ್ಮ," ಎಂದೆ. ಅವಳ ಗಂಡ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ ಅಕ್ಕಪಕ್ಕದವರು ಏನೆಂದುಕೊಂಡಾರು ಎಂಬ ಭಯ ನನ್ನದು. ತರಗತಿಯಲ್ಲಿ ಸ್ತ್ರೀ ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದವಳು ನಾನು.

ಅವಳಿಗೆ ಊರ ಹೊರಗೆ, ಆಗಷ್ಟೇ ಏಳುತ್ತಿದ್ದ ಬಡಾವಣೆಯಲ್ಲಿ ಕಡಿಮೆ ಬಾಡಿಗೆಯ ಕೋಣೆ ಸಿಕ್ಕಿತು. ಬಸ್ಸು ಮುಖ್ಯರಸ್ತೆಯವರೆಗೆ ಮಾತ್ರ. ಅಲ್ಲಿಂದ ಮನೆಗೆ ಖಾಲಿ ಸೈಟುಗಳ ನಡುವೆ ಕತ್ತಲ ದಾರಿ. ಆ ದಾರಿಯಲ್ಲೇ ಒಂದು ಸಂಜೆ ಗಂಡ ಕಾದು ನಿಂತಿದ್ದ. ಮೊದಲ ವರ್ಷ ಮುಗಿಯುವ ಮುಂಚೆಯೇ ಅವಳು ಓದು ಬಿಟ್ಟು, ಯಾವ ಮನೆಯಿಂದ ಹೊರಟು ಬಂದಿದ್ದಳೋ ಅದೇ ಮನೆಗೆ ಹಿಂತಿರುಗಿದಳೆಂದು ಅವಳ ಸಹಪಾಠಿಗಳಿಂದ ತಿಳಿಯಿತು. ಮುಂದೇನಾಯಿತೆಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ವರದಕ್ಷಿಣೆ, ಕೌಟುಂಬಿಕ ದೌರ್ಜನ್ಯಗಳ ವಿರುದ್ಧ ಬರೆಯುವ ಪತ್ರಿಕೆಯಲ್ಲಿ ಬಾಡಿಗೆ ಮನೆಯ ವಿಷಯವೇಕೆ ಎಂದು ನೀವು ಕೇಳಬಹುದು. "ಹೊಡೆತ ತಿಂದು ಯಾಕೆ ಅಲ್ಲೇ ಇದ್ದಳು?" ಎಂದು ಸಮಾಜ ಹೆಣ್ಣನ್ನು ಪ್ರಶ್ನಿಸುತ್ತದೆ. ಹೊರಟರೆ ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳುವವರು ವಿರಳ. ಓದು ಮುಗಿಸಿದರೆ ಕೆಲಸ, ಕೆಲಸ ಸಿಕ್ಕರೆ ಸ್ವಂತ ಅನ್ನ ಎಂದು ನಾವು ಹೆಣ್ಣುಮಕ್ಕಳಿಗೆ ಹೇಳುತ್ತೇವೆ. ಆ ಓದಿಗೂ ಅವಳಿಗೂ ನಡುವೆ ಒಂದು ಕೋಣೆ ಬೇಕು, ಒಂದು ದಾರಿ ಬೇಕು ಎಂಬುದನ್ನು ಮರೆಯುತ್ತೇವೆ.

1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿಭಾಗಗಳಿರುವ ಮಾನಸಗಂಗೋತ್ರಿ ನಗರದ ಪಶ್ಚಿಮಕ್ಕಿದೆ. ಆ ಹೆಸರಿಟ್ಟವರು ಕುವೆಂಪು. ಕುಕ್ಕರಹಳ್ಳಿ ಕೆರೆಯ ಪಕ್ಕದ ವಿಶಾಲ ಆವರಣ, ಒಳಗೆ ಮರಗಳ ಸಾಲು. ಹಗಲಲ್ಲಿ ಎಷ್ಟು ಚೆಂದವೋ, ಸಂಜೆ ಗ್ರಂಥಾಲಯದಿಂದ ಒಬ್ಬಳೇ ನಡೆದು ಗೇಟಿಗೆ ಬರುವವಳಿಗೆ ಅಷ್ಟೇ ಉದ್ದ. ಹಾಸ್ಟೆಲಿನಲ್ಲಿ ಎಲ್ಲರಿಗೂ ಜಾಗ ಸಿಗುವುದಿಲ್ಲ. ಹತ್ತಿರದ ಬಡಾವಣೆಗಳಲ್ಲಿ ಬಾಡಿಗೆ ಹೆಚ್ಚು. ಬೋಗಾದಿ, ಹಿನಕಲ್ ಕಡೆಗೆ ಸರಿದಷ್ಟೂ ಬಾಡಿಗೆ ಇಳಿಯುತ್ತದೆ, ದಾರಿ ಬೆಳೆಯುತ್ತದೆ. ಸ್ಕೂಟರು, ಕಾರು ಇರುವವರಿಗೆ ಇದು ಹತ್ತು ನಿಮಿಷದ ಮಾತು. ಇಲ್ಲದವಳಿಗೆ ದಿನಕ್ಕೆರಡು ಬಾರಿಯ ಪರೀಕ್ಷೆ.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ಹಣ ಕೊಡಬೇಕಿಲ್ಲ. ಇದು ಸಣ್ಣ ಸಂಗತಿಯಲ್ಲ. ಬಸ್ ಚಾರ್ಜಿಗೆ ಗಂಡನ ಮುಂದೆ ಕೈಯೊಡ್ಡಿದ ಯಾರಿಗೂ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೆ ಶೂನ್ಯ ದರದ ಟಿಕೆಟು ಸ್ಟಾಪಿನವರೆಗೆ ಮಾತ್ರ. ಬಸ್ಸಿಳಿದ ಮೇಲಿನ ದಾರಿಗೆ ಯಾವ ಯೋಜನೆಯೂ ಇಲ್ಲ. ಆ ದಾರಿಯ ಹೊಣೆ ಹೊರುವವರು ಯಾರು?

2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದರ ಬೆನ್ನಿಗೇ ವಿಶ್ವವಿದ್ಯಾನಿಲಯವು ಸಂಜೆ ಆರೂವರೆಯ ನಂತರ ಮಾನಸಗಂಗೋತ್ರಿಯಲ್ಲಿ ಹುಡುಗಿಯರು ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿತು. ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಸುತ್ತೋಲೆ ಹೋಯಿತು, ಅದರ ಹಿಂದಿನ ಯೋಚನೆ ಹೋಗಿಲ್ಲ. ಕತ್ತಲೆಗೆ ದೀಪ ಹಾಕುವುದು ಬಿಟ್ಟು ಹುಡುಗಿಯನ್ನು ಒಳಗೆ ಹಾಕುವುದು ನಮ್ಮ ಮನೆಗಳ ಹಳೆಯ ಪದ್ಧತಿಯೇ ಅಲ್ಲವೆ? "ಊರು ಕೆಟ್ಟಿದೆ, ಓದು ಸಾಕು, ಮದುವೆ ಮಾಡೋಣ" ಎಂದು ಎಷ್ಟು ಮನೆಗಳಲ್ಲಿ ತೀರ್ಮಾನವಾಗುತ್ತದೆ! ಆ ಮದುವೆಯ ಮನೆಯೊಳಗೆ ಅವಳು ಸುರಕ್ಷಿತಳೆ ಎಂದು ಯಾರೂ ಕೇಳುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ವಿಶ್ವವಿದ್ಯಾನಿಲಯದ ಹತ್ತಿರ, ದೀಪವಿರುವ ಬೀದಿಯಲ್ಲಿ ಕೋಣೆ ಹಿಡಿಯಲು ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಕೊಡಬೇಕಾಯಿತೆಂದು ಇಟ್ಟುಕೊಳ್ಳಿ. ಎರಡು ವರ್ಷಕ್ಕೆ 24,000 ರೂಪಾಯಿ. ಇಂದಿನ ಚಿನ್ನದ ಬೆಲೆಯಲ್ಲಿ ಅಳಿಯನ ಬೆರಳಿನ ಉಂಗುರಕ್ಕೂ ಇದು ಸಾಲದು. ಉಂಗುರಕ್ಕೆ ಸಾಲ ಮಾಡುವ ನಾವು ಕೋಣೆಗೆ ಮಾಡುವುದಿಲ್ಲ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯಂತೆ ಅಪರಾಧ. ಆದರೂ 'ಮದುವೆ ಖರ್ಚು' ಎಂದು ಬರೆಸಿ ನಮ್ಮ ಸಂಘಗಳಿಂದಲೇ ಸಾಲ ಎತ್ತುವುದು ನಡೆದಿದೆ. ಆ ಹಣ ಎಲ್ಲಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತು.

ಆದ್ದರಿಂದ ನನ್ನ ಮೊದಲ ಸಲಹೆ ಸಂಘಗಳಿಗೆ. ನಿಮ್ಮ ಸಾಲದ ಪುಸ್ತಕದಲ್ಲಿ 'ಹೆಣ್ಣುಮಕ್ಕಳ ಕೋಣೆಯ ಅಡ್ವಾನ್ಸ್' ಎಂದು ಒಂದು ತಲೆಬರಹ ತೆರೆಯಿರಿ. ಅಡ್ವಾನ್ಸ್ ಎಂಬುದು ಹಿಂತಿರುಗಿ ಬರುವ ಹಣ. ಸಂಘಕ್ಕೆ ಇದು ನಷ್ಟದ ಸಾಲವಲ್ಲ. ರಸೀದಿ, ಕರಾರುಪತ್ರ ಬರೆಸಿಕೊಂಡಿರಬೇಕು ಅಷ್ಟೆ.

ಎರಡನೆಯದು, ಮನೆ ನೋಡುವ ಬಗೆ. ನಾವು ಬೆಳಗ್ಗೆ ಹತ್ತಕ್ಕೆ ಹೋಗಿ ಗೋಡೆ, ನಲ್ಲಿ ನೋಡಿ ಒಪ್ಪಿಬಿಡುತ್ತೇವೆ. ಸಂಜೆ ಏಳೂವರೆಗೆ ಹೋಗಿ. ಹುಡುಗಿ ದಿನವೂ ಬರುವ ಬಸ್ಸಿನಲ್ಲೇ ಹೋಗಿ, ಅದೇ ಸ್ಟಾಪಿನಲ್ಲಿ ಇಳಿದು, ಬಾಗಿಲವರೆಗೆ ನಡೆಯಿರಿ. ಎಷ್ಟು ದೀಪ ಉರಿಯುತ್ತಿವೆ? ತೆರೆದಿರುವ ಅಂಗಡಿ ಯಾವುದು? ಹೆಂಗಸರು ಓಡಾಡುತ್ತಿದ್ದಾರೆಯೆ? ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಒಳಗಿನ ಚಿಲಕ ಗಟ್ಟಿಯಿದೆಯೆ? ಬಚ್ಚಲು, ಕಕ್ಕಸು ಹೊರಗಿದೆಯೆ? ಇನ್ನೊಂದು ಬೀಗದ ಕೈ ಯಾರ ಬಳಿ ಇದೆ? ಈಗಾಗಲೇ ಅಲ್ಲಿರುವ ಹುಡುಗಿಯರನ್ನು ಮಾಲೀಕರ ಎದುರಲ್ಲಲ್ಲ, ಬೇರೆಯಾಗಿ ಮಾತಾಡಿಸಿ. ಇಬ್ಬರು ಮೂವರು ಸೇರಿ ಒಂದೇ ಬೀದಿಯಲ್ಲಿ ಕೋಣೆ ಹಿಡಿದರೆ ಬಾಡಿಗೆಯೂ ಹಂಚಿಹೋಗುತ್ತದೆ, ದಾರಿಯೂ ಹಂಚಿಹೋಗುತ್ತದೆ.

ಮೂರನೆಯದು, ಕಾನೂನು. ನನ್ನ ವಿದ್ಯಾರ್ಥಿನಿ ಬಂದಾಗ ಇಲ್ಲದ ಒಂದು ಆಸರೆ ಇಂದು ಇದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಮನೆ ಯಾರ ಹೆಸರಿನಲ್ಲಿದ್ದರೂ ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಅಲ್ಲಿರಲು ಸಾಧ್ಯವಿಲ್ಲದಿದ್ದರೆ, ಅದೇ ಮಟ್ಟದ ಬೇರೆ ಮನೆ ಒದಗಿಸುವಂತೆ ಅಥವಾ ಅದರ ಬಾಡಿಗೆ ಕೊಡುವಂತೆ ಗಂಡನಿಗೆ ಆದೇಶಿಸಲು 19ನೆಯ ಕಲಮಿನಲ್ಲಿ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಅವಳು ಕೆಲಸ ಮಾಡುವ, ಹೋಗಿಬರುವ ಜಾಗಗಳಿಗೆ ಅವನು ಬಾರದಂತೆ ತಡೆಯಲು 18ನೆಯ ಕಲಮಿದೆ. ಅರ್ಜಿಯನ್ನು ಅವಳ ಪರವಾಗಿ ಬೇರೊಬ್ಬರೂ ಕೊಡಬಹುದು. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಗಳು. ಸ್ತ್ರೀಶಕ್ತಿ ಸಂಘದ ಕೆಲಸಕ್ಕೆ ನೀವು ಹೋಗುವ ಕಛೇರಿಯೇ ಅದು. ಮುಂದಿನ ಸಲ ಹೋದಾಗ ಈ ಅರ್ಜಿಯ ನಮೂನೆಯನ್ನೂ ಕೇಳಿ ತನ್ನಿ. ಆಪತ್ತಿನಲ್ಲಿ ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಎಂಬುದನ್ನು ಸಂಘದ ಗೋಡೆಯ ಮೇಲೆ ಬರೆಯಿಸಿ.

ಕಾನೂನಿನ ಆದೇಶ ಕೈಗೆ ಬರಲು ದಿನ ಹಿಡಿಯುತ್ತದೆ. ಬಾಡಿಗೆ ಕೊಡಲು ಗಂಡನಿಗೆ ಆದೇಶವಾದರೂ, ಕೋಣೆ ಕೊಡಲು ಓಣಿಯ ಯಾರೂ ಒಪ್ಪದಿದ್ದರೆ ಆ ಕಾಗದದಿಂದ ಏನು ಬಂತು? ಕೊನೆಗೂ ಬಾಗಿಲು ತೆರೆಯಬೇಕಾದವರು ಮನುಷ್ಯರು. ಅನೇಕ ಮನೆಗಳಲ್ಲಿ ಬಾಡಿಗೆದಾರರನ್ನು ವಿಚಾರಿಸಿ 'ಬೇಡ' ಎನ್ನುವವರು ಮನೆಯ ಹೆಂಗಸರೇ. ನನ್ನ ಹಾಗೆ. ನಮ್ಮ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಗಲಾಟೆ ಬರಬಹುದು. ಆದರೆ ಗಲಾಟೆ ಮಾಡುವವನಿಗೆ ಹೆದರಿ, ಗಲಾಟೆಗೆ ತುತ್ತಾದವಳನ್ನು ಹೊರಗೆ ನಿಲ್ಲಿಸಿದರೆ ನಾವು ಯಾರ ಪಕ್ಷ ಹಿಡಿದಂತಾಯಿತು? ಒಬ್ಬ ಮನೆಯೊಡತಿ ಒಂಟಿಯಾಗಿ ಹೆದರಿಯಾಳು. ಬೀದಿಯ ಹತ್ತು ಹೆಂಗಸರು ಸೇರಿ 'ಇವಳು ನಮ್ಮ ಹುಡುಗಿ' ಎಂದರೆ ಬಾಗಿಲಿಗೆ ಬರುವ ಗಂಡಸು ಎರಡು ಸಲ ಯೋಚಿಸುತ್ತಾನೆ.

ಬೀದಿದೀಪ ಕೆಟ್ಟರೆ ನಗರಪಾಲಿಕೆಗೆ ಸಂಘದ ಹೆಸರಿನಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಸಂಜೆಯ ಬಸ್ಸು ಬೇಕೆಂದು ಸಾರಿಗೆ ಡಿಪೋಗೆ ಹೋಗಿ ಕೇಳಿ. ನಿಮ್ಮ ಬೀದಿಯಲ್ಲಿ ಹುಡುಗಿಯರಿಗೆ ಜಾತಿ ಕೇಳದೆ ಕೋಣೆ ಕೊಡುವ ಮನೆಗಳ ಪಟ್ಟಿಯೊಂದನ್ನು ಸಂಘದಲ್ಲಿ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಮೊದಲು ಒಂದೇ ಮನೆ ಇದ್ದರೂ ಚಿಂತೆಯಿಲ್ಲ.

ನಮ್ಮ ಮಹಡಿಯ ಕೋಣೆಯಲ್ಲಿ ಈಗ ಇಬ್ಬರು ವಿದ್ಯಾರ್ಥಿನಿಯರಿದ್ದಾರೆ. ಒಬ್ಬಳ ಗಂಡ ಎಲ್ಲಿದ್ದಾನೆಂದು ನಾನು ಕೇಳಿಲ್ಲ. ತಡವಾದ ದಿನ ಬಸ್ ಸ್ಟಾಪಿನವರೆಗೆ ಟಾರ್ಚು ಹಿಡಿದು ಹೋಗುತ್ತೇನೆ. 2004ರಲ್ಲಿ ಬಂದವಳಿಗೆ ಇದರಿಂದ ಯಾವ ನ್ಯಾಯವೂ ಸಿಕ್ಕಂತಾಗಲಿಲ್ಲ, ನನಗೆ ಗೊತ್ತು. ನಾಳೆ ನಿಮ್ಮ ಗೇಟಿನ ಮುಂದೆ ಚೀಲ ಹಿಡಿದು ನಿಲ್ಲುವವಳಿಗಾದರೂ ಸಿಗಲಿ.