15 ನಿಮಿಷದ ಆಪರೇಷನ್ನು, ಓದಲು ಬಾರದ ಚೀಟಿ

"ಪೊರೆ ಆಪರೇಷನ್ನಾ? ಅದೇನ್ ಮಹಾ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ!" ಮುಂಬೈಯಲ್ಲಿ ಹೀಗೆ ಹೇಳದವರಿಲ್ಲ. ಸರಿ ಸ್ವಾಮಿ, ಡಾಕ್ಟರ ಕೆಲಸ 15-20 ನಿಮಿಷದ್ದೇ. ಆದರೆ ಮನೆಯವರ ಕೆಲಸ? 4ರಿಂದ 6 ವಾರ! ಆಂಟಿಬಯೋಟಿಕ್ ಡ್ರಾಪ್ಸ್ ಬೇರೆ, ಸ್ಟೀರಾಯ್ಡ್ ಬೇರೆ. ಒಂದು ಹಾಕಿ 5 ನಿಮಿಷ ಬಿಟ್ಟು ಇನ್ನೊಂದು. ಸ್ಟೀರಾಯ್ಡನ್ನು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಇದನ್ನೆಲ್ಲ ಬರೆದ ಚೀಟಿ ಯಾವ ಭಾಷೆಯಲ್ಲಿ? ಇಂಗ್ಲಿಷು, ಹೆಚ್ಚೆಂದರೆ ಹಿಂದಿ, ಮರಾಠಿ. ಓದಬೇಕಾದವರು? ಗದಗದಿಂದ ಬಂದ, ಕನ್ನಡವಷ್ಟೇ ಬಲ್ಲ ತಾಯಿ. ಮಗ-ಸೊಸೆ ಆಗಲೇ ಲೋಕಲ್ ಹತ್ತಿಯಾಗಿರುತ್ತದೆ! ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ದೃಷ್ಟಿ ಮಬ್ಬಾದರೆ ಅದು ಒಳಗಿನ ಸೋಂಕಿರಬಹುದು. ಸಂಜೆ ಮಗ ಬರಲಿ ಎಂದು ಕಾಯುವಂತಿಲ್ಲ, ಕಣ್ಣೇ ಹೋದೀತು. ಆ ಒಂದು ಸಾಲೇ ಆಕೆಗೆ ಅರ್ಥವಾಗದಿದ್ದರೆ ಚೀಟಿ ಯಾಕೆ ಬೇಕು?

ಆಸ್ಪತ್ರೆಯವರು ಪ್ರಿಂಟ್ ಹಾಕಿಸಲಿ ಎಂದು ಜಗಳವಾಡೋಣ, ಆಡಲೇಬೇಕು. ಅಲ್ಲಿಯತನಕ ಡಾಕ್ಟರನ್ನು ಕೇಳಿಕೊಂಡು ನೀವೇ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಬಾಟಲಿಗಳಿಗೆ ಬೇರೆ ಬೇರೆ ಬಣ್ಣದ ರಬ್ಬರ್ ಬ್ಯಾಂಡ್ ಹಾಕಿ. ನವೆಂಬರ್ 1ಕ್ಕೆ ಬಾವುಟ ಹಾರಿಸುವ ನಮ್ಮ ಸಂಘಗಳು ಇಂಥ ಒಂದು ಹಾಳೆ ಅಚ್ಚು ಹಾಕಿಸಿ ಹಂಚಿದರೆ, ಅದೂ ಕನ್ನಡದ ಕೆಲಸವೇ ಅಲ್ಲವೇ?