ಹುಳ ಹಣ್ಣಾಯ್ತು, ಚಂದ್ರಿಕೆ ಎಲ್ಲಿ?

1/4
ಏರ್ ಶೋ ರೀಲ್ಸ್ ಹಾಕೋ ನನ್ನ ಕ್ಲಾಸ್‌ನೋರಿಗೆಲ್ಲ ಒಂದು ಮಾತು. ತೇಜಸ್ ಪಲ್ಟಿ ಹೊಡೆಯೋದನ್ನ ನಾನೂ ಹತ್ತು ಸಲ ನೋಡಿದೀನಿ. ಆದ್ರೆ "ಎಚ್‌ಎಎಲ್‌ನೋರು ಸೋಮಾರಿಗಳು" ಅಂತ ಕಾಮೆಂಟ್ ಹಾಕ್ತೀರಲ್ಲ, ಅದು ಅರ್ಧ ಮಾತು. ಮಿಕ್ಕಿದ್ದು ಕರಾರಿನ ತಾರೀಖುಗಳಲ್ಲಿದೆ.

2021ರ ಫೆಬ್ರವರಿ, ಯಲಹಂಕದ ಏರೋ ಇಂಡಿಯಾ. 83 ತೇಜಸ್ ಮಾರ್ಕ್-1ಎ ವಿಮಾನಕ್ಕೆ ಸುಮಾರು 48,000 ಕೋಟಿ ರೂಪಾಯಿ ಕರಾರು. 2024ರ ಮಾರ್ಚ್‌ನಿಂದ ವಾಯುಪಡೆಗೆ ಕೊಡೋಕೆ ಶುರು ಮಾಡ್ಬೇಕಿತ್ತು. ಇದಕ್ಕೆ ಬೇಕಾದ 99 ಎಂಜಿನ್‌ಗೆ ಅಮೆರಿಕದ ಜಿಇ ಕಂಪನಿಗೆ ಆರ್ಡರ್ ಹೋಗಿದ್ದು ಯಾವಾಗ? ಆಗಸ್ಟ್‌ನಲ್ಲಿ. ಅವುಗಳಲ್ಲಿ ಮೊದಲನೇದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ವಿಮಾನವೇ ಬರಬೇಕಿದ್ದ ದಿನ ಕಳೆದು ಒಂದು ವರ್ಷ ಆಗಿತ್ತು ಕಣ್ರಪ್ಪ!

2/4
ಉಯ್ಯಂಬಳ್ಳಿ ಕಡೆ ರೇಷ್ಮೆ ಮನೆಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಸೊಪ್ಪು ನಮ್ದು, ಚಾಕಿ ಹುಳ ಇನ್ನೊಬ್ರದ್ದು, ಚಂದ್ರಿಕೆ ಬಾಡಿಗೆದು. ಹುಳ ಹಣ್ಣಾದ ದಿನ ಚಂದ್ರಿಕೆ ಇಲ್ಲ ಅಂದ್ರೆ ಗೂಡು ಎಲ್ಲಿ ಕಟ್ಟುತ್ತೆ? "ಚಂದ್ರಿಕೆಯೋನು ಕೈಕೊಟ್ಟ" ಅಂತ ರಾಮನಗರ ಮಾರ್ಕೆಟ್‌ನಲ್ಲಿ ಅತ್ತರೆ ಯಾರೂ ರೇಟ್ ಕೊಡಲ್ಲ. ಅದಕ್ಕೇ ನಮ್ಮಜ್ಜಿ ಚಾಕಿ ತರೋಕೆ ಮುಂಚೆನೇ ಚಂದ್ರಿಕೆ ಹೇಳಿಡ್ತಿದ್ರು.

ತೇಜಸ್‌ನಲ್ಲಿ ಎಂಜಿನ್ ಅಮೆರಿಕದ್ದು, ರೇಡಾರ್ ಇಸ್ರೇಲಿಂದು, ಅಸ್ತ್ರ ಕ್ಷಿಪಣಿ ನಮ್ದು. ಒಂದೊಂದೂ ಚೆನ್ನಾಗಿದ್ರೆ ಸಾಲದು. ರೇಡಾರ್ ಹೇಳಿದ್ದು ಕ್ಷಿಪಣಿಗೆ ಅರ್ಥ ಆಗ್ಬೇಕು. ಕೊಳ್ಳೋ ಸರ್ಕಾರ ತುಂಡು ತುಂಡಿನ ತಾರೀಖನ್ನೂ ಒಂದೇ ಹಗ್ಗಕ್ಕೆ ಕಟ್ಟದೆ ಸಹಿ ಹಾಕಿದ್ರೆ, ಆಮೇಲೆ ಫ್ಯಾಕ್ಟರಿಯೋರನ್ನ ಬೈದು ಏನು ಬಂತು?

3/4
"ಎಂಜಿನ್ ನಾವೇ ಮಾಡ್ಬೇಕಿತ್ತು" ಅಂತೀರಾ? ಮಾಡೋಕೆ ಹೊರಟಿದ್ವಿ. ನಮ್ಮ ಸಂಗಮದಲ್ಲಿ ಹರಿಯೋ ನದಿ ಹೆಸರೇ ಅದಕ್ಕೆ: ಕಾವೇರಿ. 1989ರಲ್ಲಿ ಸುಮಾರು 383 ಕೋಟಿಗೆ ಮಂಜೂರಾಯ್ತು. ಬೆಂಗಳೂರಿನ ಒಂದು ಸಂಸ್ಥೆ ವಿಮಾನ ಬಿಡಿಸ್ತಿತ್ತು, ಇನ್ನೊಂದು ಎಂಜಿನ್ ಮಾಡ್ತಿತ್ತು. ಎಂಜಿನ್‌ಗೆ ತೂಕ ಜಾಸ್ತಿ, ತಳ್ಳೋ ಬಲ ಕಮ್ಮಿ. 2008ರಲ್ಲಿ ಇಬ್ರನ್ನೂ ಬೇರೆ ಮಾಡಿದ್ರು.

ಜೋಡಣೆ ನಮ್ಮ ಕೈಲಿ ಆಗಲ್ಲ ಅಂತಲ್ಲ. ವಾಯುಪಡೆಯ ಐಎಸಿಸಿಎಸ್, ಸೇನೆಯ ಆಕಾಶ್‌ತೀರ್ ಎರಡನ್ನೂ ಕಟ್ಟಿದ್ದು ಬಿಇಎಲ್. ಆಕಾಶ್‌ತೀರ್‌ಗೆ 2023ರ ಮಾರ್ಚ್‌ನಲ್ಲಿ 1,982 ಕೋಟಿ ಕರಾರು, 2025ರ ಮೇನಲ್ಲಿ ಅದು ಕೆಲಸಕ್ಕೂ ಬಂತು. ಎರಡು ತುದಿಯೂ ಒಬ್ಬನ ಕೈಲಿತ್ತು, ನೋಡಿ.

4/4
2025ರ ಸೆಪ್ಟೆಂಬರ್ 25ಕ್ಕೆ ಇನ್ನೂ 97 ತೇಜಸ್, 62,370 ಕೋಟಿ. ಮಾರನೇ ದಿನ ಚಂಡೀಗಢದಲ್ಲಿ ಮಿಗ್-21ಗೆ ಬೀಳ್ಕೊಡುಗೆ. ಹಳೇ 83ರಲ್ಲಿ ಒಂದೂ ಅವತ್ತಿಗೆ ವಾಯುಪಡೆ ಸೇರಿರಲಿಲ್ಲ. 42 ಸ್ಕ್ವಾಡ್ರನ್ ಇರಬೇಕಾದ ಕಡೆ ಉಳಿದಿದ್ದು 29. ನೀವೆಲ್ಲ ಸ್ಟೋರಿಗೆ ಹಾಕಿದ್ದು ಮಾತ್ರ 62,370.

ಈ 97ರ ಲೆಕ್ಕಕ್ಕೆ 113 ಎಂಜಿನ್ ಆರ್ಡರ್ ಆಗಿದ್ದು ನವೆಂಬರ್ 7ಕ್ಕೆ. ಆರು ತಿಂಗಳಿದ್ದಿದ್ದು ಈ ಸಲ ಆರು ವಾರ. ನಮ್ಮಜ್ಜಿ ಆಗಿದ್ರೆ ಅದಕ್ಕೂ ಬಯ್ಯೋರು.

#ತೇಜಸ್ #ಉಯ್ಯಂಬಳ್ಳಿ #ಕನಕಪುರ